ಮಾತು ಆಟಗಾರನದೋ, ಪಾತ್ರದ್ದೋ?

ಪ್ರಶ್ನೆ: ನಾಲ್ವರು ಗೆಳೆಯರಿಗೆ ನಾನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುತ್ತಿದ್ದೇನೆ, ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕುತ್ತ ಕಥೆ ಕಟ್ಟುವ ಆಟ. ಐದನೇ ಆವೃತ್ತಿ, 2014ರ ನಿಯಮಗಳು. ಪಾತ್ರಗಳು ಎರಡನೇ ಮಟ್ಟದಲ್ಲಿವೆ. ಒಬ್ಬ ಗೆಳತಿಯ ಪಾತ್ರ ಬಾರ್ಡ್, ಅಂದರೆ ಊರೂರು ಸುತ್ತುವ ಹಾಡುಗಾರ್ತಿ, ಕರಿಸ್ಮಾ (ಜನರನ್ನು ಸೆಳೆಯುವ ಶಕ್ತಿ) 18. ಆದರೆ ಅವಳು ಸಂಕೋಚದವಳು, ಎಲ್ಲರೂ ತನ್ನತ್ತ ತಿರುಗಿದರೆ ಮಾತು ತಡವರಿಸುತ್ತದೆ. ಇನ್ನೊಬ್ಬನದು ಬಾರ್ಬೇರಿಯನ್, ಅಂದರೆ ಒರಟು ಯೋಧ, ಕರಿಸ್ಮಾ 8, ಇಂಟೆಲಿಜೆನ್ಸ್ (ಬುದ್ಧಿ) 6. ಆದರೆ ಆಡುವವನು ಮಹಾ ಮಾತುಗಾರ. ಕಾವಲುಗಾರನಿಂದ ರಾಜನವರೆಗೆ ಎಲ್ಲರನ್ನೂ ಅವನೇ ಮಾತಿನಲ್ಲಿ ಗೆಲ್ಲುತ್ತಾನೆ. ಅಷ್ಟು ಚೆನ್ನಾಗಿ ಮಾತನಾಡಿದ ಮೇಲೆ ‘ದಾಳ ಹಾಕು’ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಒಗಟುಗಳನ್ನು ಬಿಡಿಸುವವನೂ ಅವನೇ. ಮೊನ್ನೆ ಗೆಳತಿ ‘ಈ ಪಾತ್ರ ಯಾಕಾದರೂ ತೆಗೆದುಕೊಂಡೆನೋ’ ಎಂದಳು. ಪರೀಕ್ಷೆ ನಡೆಯಬೇಕಾದದ್ದು ಆಟಗಾರನಿಗೋ, ಪಾತ್ರಕ್ಕೋ? ಎಲ್ಲದಕ್ಕೂ ದಾಳ ಹಾಕಿಸಿದರೆ ಆಟ ಬರೀ ಲೆಕ್ಕವಾಗುವುದಿಲ್ಲವೇ?

ಉತ್ತರ: ನಿಮ್ಮ ಗೆಳತಿಯ ಬೇಸರ ನ್ಯಾಯವಾದದ್ದು. ಪಾತ್ರ ಕಟ್ಟುವಾಗ ಕೈಗೆ ಸಿಗುವ ಒಳ್ಳೆಯ ಅಂಕಿಗಳು ಕೆಲವೇ. ಆಕೆ ತನಗೆ ಸಿಕ್ಕವುಗಳಲ್ಲಿ ದೊಡ್ಡದನ್ನು ಕರಿಸ್ಮಾಕ್ಕೆ ಕೊಟ್ಟಳು, ಬೇರೆ ಕಡೆ ಸಾಧಾರಣವಾಗಿರಲು ಒಪ್ಪಿಕೊಂಡಳು. ನಿಮ್ಮ ಮಾತುಗಾರ ಗೆಳೆಯ ಕರಿಸ್ಮಾದ ಎದುರು 8, ಇಂಟೆಲಿಜೆನ್ಸ್ ಎದುರು 6 ಬರೆದು, ಉಳಿದ ಒಳ್ಳೆಯ ಅಂಕಿಗಳನ್ನು ಸ್ಟ್ರೆಂತ್‌ಗೂ (ಬಲ) ಕಾನ್‌ಸ್ಟಿಟ್ಯೂಷನ್‌ಗೂ (ದೇಹದ ತಾಳಿಕೆ) ಇಟ್ಟುಕೊಂಡ. ಕೊಡಲಿ ಬೀಸುವಾಗ ಆ ಹಂಚಿಕೆಯ ಲಾಭ ಅವನಿಗೆ ಪೂರ್ತಿಯಾಗಿ ಸಿಗುತ್ತದೆ. ಮಾತಿನ ಸರದಿ ಬಂದಾಗ ತಟ್ಟಬೇಕಾದ ನಷ್ಟ ಮಾತ್ರ ತಟ್ಟುವುದಿಲ್ಲ, ಏಕೆಂದರೆ ನೀವು ದಾಳ ಕೇಳುವುದಿಲ್ಲ. ಆಕೆ ಬೆಲೆ ತೆತ್ತು ಪಡೆದದ್ದು ಅವನಿಗೆ ಬಿಟ್ಟಿಯಾಗಿ ಸಿಗುತ್ತಿದೆ. ಇದರಲ್ಲಿ ಅವನ ಕುತಂತ್ರವೇನೂ ಇಲ್ಲ. ಬಾಗಿಲು ತೆರೆದಿಟ್ಟವರು ನೀವು, ಅವನು ನಡೆದುಬಂದ, ಅಷ್ಟೇ.

ಈ ಚರ್ಚೆ ಎದ್ದಾಗಲೆಲ್ಲ ಒಂದು ವಾದ ಬರುತ್ತದೆ: ಬಾರ್ಬೇರಿಯನ್ ಬಾಗಿಲು ಒಡೆಯುವಾಗ ಆಟಗಾರನಿಗೆ ‘ಎದ್ದು ಈ ಮೇಜು ಎತ್ತಿ ತೋರಿಸು’ ಎಂದು ಯಾರೂ ಹೇಳುವುದಿಲ್ಲ, ಹಾಗಿರುವಾಗ ಬಾರ್ಡ್ ಆಡುವವಳು ಮಾತ್ರ ಯಾಕೆ ಕುಳಿತಲ್ಲೇ ಭಾಷಣ ಬಿಗಿದು ತೋರಿಸಬೇಕು? ವಾದ ಸರಿಯಾಗಿದೆ. ಆದರೆ ಅದರಿಂದ ಬಹಳ ಮಂದಿ ಹಾರುವ ತೀರ್ಮಾನ, ಅಂದರೆ ಎಲ್ಲವನ್ನೂ ಪಾತ್ರದ ಅಂಕಿಯೇ ತೀರ್ಮಾನಿಸಲಿ ಎಂಬುದು, ನನಗೆ ಒಪ್ಪಿಗೆಯಿಲ್ಲ. ಯುದ್ಧವನ್ನೇ ನೋಡಿ. ಯಾರ ಮೇಲೆ ಬೀಳಬೇಕು, ಎಲ್ಲಿ ನಿಲ್ಲಬೇಕು, ಮಂತ್ರವನ್ನು ಈಗ ಖರ್ಚು ಮಾಡಬೇಕೋ ಉಳಿಸಬೇಕೋ ಎಂಬುದನ್ನೆಲ್ಲ ಆಟಗಾರನೇ ನಿರ್ಧರಿಸುತ್ತಾನೆ. ಇಂಟೆಲಿಜೆನ್ಸ್ 6ರ ಬಾರ್ಬೇರಿಯನ್ ಶತ್ರುವಿನ ಬೆನ್ನ ಹಿಂದೆ ಸುತ್ತಿ ಬಂದು ಹೊಡೆದರೆ ‘ನಿನಗೆ ಅಷ್ಟು ಬುದ್ಧಿಯಿಲ್ಲ’ ಎಂದು ಯಾರೂ ತಡೆಯುವುದಿಲ್ಲ. ತಡೆಯಬಾರದು ಕೂಡ. ಯೋಚನೆಯನ್ನೂ ಅಂಕಿಗೆ ಒಪ್ಪಿಸಿದರೆ ಆಟಗಾರನಿಗೆ ಉಳಿಯುವ ಕೆಲಸ ದಾಳ ಎತ್ತಿ ಹಾಕುವುದೊಂದೇ.

ಹಾಗಾಗಿ ನಾನು ಗೆರೆ ಎಳೆಯುವುದು ಬೇರೆ ಕಡೆ. ಏನು ಮಾಡಬೇಕು, ಯಾವ ದಾರಿ ಹಿಡಿಯಬೇಕು ಎಂಬುದು ಯಾವಾಗಲೂ ಆಟಗಾರನದು. ಹಿಡಿದ ಕೆಲಸ ಎಷ್ಟು ಚೆನ್ನಾಗಿ ಆಯಿತು ಎಂಬುದು ಪಾತ್ರದ್ದು. ಕೊಡಲಿಯ ವಿಷಯದಲ್ಲಿ ನೀವು ಈಗಾಗಲೇ ಹೀಗೆಯೇ ಮಾಡುತ್ತಿದ್ದೀರಿ: ಗುರಿ ಅವನು ಹೇಳುತ್ತಾನೆ, ಏಟು ಬಿತ್ತೋ ಇಲ್ಲವೋ ದಾಳ ಹೇಳುತ್ತದೆ. ಮಾತಿಗೂ ಅದನ್ನೇ ಅನ್ವಯಿಸಿ.

ಈ ಜಗಳ ಈ ಆಟಕ್ಕಿಂತಲೂ ಹಳೆಯದು ಎಂಬುದು ನಿಮಗೆ ಸ್ವಲ್ಪ ಸಮಾಧಾನ ಕೊಡಬಹುದು. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ಅಧಿಕಾರಿಗಳ ತರಬೇತಿಗೆಂದು ಕ್ರೀಗ್‌ಸ್ಪೀಲ್ ಎಂಬ ಯುದ್ಧದಾಟವನ್ನು ಪ್ರಕಟಿಸಿದ. ಅದರಲ್ಲಿ ನಷ್ಟದ ಲೆಕ್ಕವೆಲ್ಲ ದಾಳ ಮತ್ತು ಕೋಷ್ಟಕಗಳದ್ದು. 1876ರಲ್ಲಿ ಅದೇ ಸೇನೆಯ ವೆರ್ಡಿ ದು ವೆರ್ನ್ವಾ, ಅನುಭವಿ ತೀರ್ಪುಗಾರನಿದ್ದರೆ ಈ ಕೋಷ್ಟಕಗಳ ಗೊಡವೆ ಬೇಡ, ಅವನ ವಿವೇಚನೆಯೇ ಸಾಕು ಎಂಬ ಇನ್ನೊಂದು ಪದ್ಧತಿಯನ್ನು ಮುಂದಿಟ್ಟ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಮೂಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಎರಡೂ ರಕ್ತ ಹರಿಯುತ್ತಿತ್ತು. ಹೊಡೆದಾಟಕ್ಕೆ ದಾಳವಿತ್ತು. ಮಾತಿಗೆ, ಹುಡುಕಾಟಕ್ಕೆ ಇಂದಿನಂಥ ಕೌಶಲಗಳ ಪಟ್ಟಿ ಇರಲಿಲ್ಲ. ನೆಲದಲ್ಲಿ ಗುಂಡಿ ಇದೆಯೇ ಎಂದು ತಿಳಿಯಬೇಕಾದರೆ ಸಾಮಾನುಗಳ ಪಟ್ಟಿಯಿಂದ ಹತ್ತು ಅಡಿ ಕೋಲು ಕೊಂಡು, ‘ಮುಂದಿನ ಕಲ್ಲನ್ನು ಕೋಲಿನಿಂದ ಒತ್ತುತ್ತೇನೆ’ ಎಂದು ಆಟಗಾರನೇ ಹೇಳಬೇಕಿತ್ತು.

ಮರುವರ್ಷವೇ, 1975ರಲ್ಲಿ, ಗ್ರೇಹಾಕ್ ಪುರವಣಿ ಬಂತು. ಅದರೊಂದಿಗೆ ಕಳ್ಳನ ಪಾತ್ರವೂ ಬಂತು, ಬೀಗ ತೆಗೆಯಲು ಇಷ್ಟು ಶೇಕಡಾ, ಟ್ರ್ಯಾಪ್ (ಅಡಗಿಸಿಟ್ಟ ಅಪಾಯ) ನಿವಾರಿಸಲು ಇಷ್ಟು ಶೇಕಡಾ ಎಂಬ ಅಂಕಿಗಳೂ ಬಂದವು. ಒಬ್ಬನ ಹಾಳೆಯ ಮೇಲೆ ಅಂಕಿ ಬಂದ ಕೂಡಲೇ ಉಳಿದವರು ‘ಅದು ಅವನ ಕೆಲಸ’ ಎಂದು ಕೈಕಟ್ಟಿ ನಿಲ್ಲತೊಡಗಿದರು ಎಂಬ ಆಕ್ಷೇಪ ಇಂದಿಗೂ ಕೇಳಿಸುತ್ತದೆ. ತಮಾಷೆಯೆಂದರೆ ಆ ಅಂಕಿಗಳೂ ಬಡವೇ. 1981ರ ಬೇಸಿಕ್ ನಿಯಮಗಳಲ್ಲಿ ಮೊದಲ ಮಟ್ಟದ ಕಳ್ಳ ಟ್ರ್ಯಾಪ್ ಕಂಡುಹಿಡಿಯುವ ಸಾಧ್ಯತೆ ಶೇ. 10. ಅಂಥವನನ್ನು ನಂಬಿ ಪೆಟ್ಟಿಗೆ ತೆರೆಯುವುದಕ್ಕಿಂತ ದೂರ ನಿಂತು ಕೋಲಿನಿಂದ ಮುಚ್ಚಳ ಎತ್ತುವುದೇ ಜಾಣತನ.

ಆಟಗಾರನ ಪರೀಕ್ಷೆ ಎಷ್ಟು ಕಠಿಣವಾಗಬಹುದು ಎಂಬುದಕ್ಕೆ ಗೈಗ್ಯಾಕ್ಸ್ ಬರೆದ ಟೂಮ್ ಆಫ್ ಹಾರರ್ಸ್ ಸಾಕ್ಷಿ. 1975ರಲ್ಲಿ ಆಟದ ಸಮ್ಮೇಳನವೊಂದರಲ್ಲಿ ಆಡಿಸಿ, 1978ರಲ್ಲಿ ಅಚ್ಚಾದ ಸಾಹಸ ಅದು. ಅಲ್ಲಿ ಗೋಡೆಯ ಮೇಲೆ ಬಾಯಿ ತೆರೆದ ಹಸಿರು ಭೂತದ ಮುಖವೊಂದಿದೆ. ಆ ಬಾಯೊಳಗೆ ನುಗ್ಗಿದವನು ಅಲ್ಲೇ ನಾಶ. ಪಾತ್ರದ ಮಟ್ಟ ಎಷ್ಟೇ ಇರಲಿ, ತಪ್ಪಿಸಿಕೊಳ್ಳಲು ದಾಳದ ಅವಕಾಶವೇ ಇಲ್ಲ. ನಿಮ್ಮ ಹಾಳೆಯ ಮೇಲಿನ ಯಾವ ಅಂಕಿಯೂ ಅಲ್ಲಿ ನಿಮ್ಮನ್ನು ಕಾಯುವುದಿಲ್ಲ. ಮೊದಲು ಒಂದು ಕೋಲು ತೂರಿಸಿ ನೋಡೋಣ ಎಂಬ ಬುದ್ಧಿ ಕಾಯುತ್ತದೆ.

ಇನ್ನೊಂದು ತುದಿಯನ್ನೂ ಆಟ ಮುಟ್ಟಿ ಬಂದಿದೆ. 2003ರ 3.5 ಆವೃತ್ತಿಯಲ್ಲಿ ಡಿಪ್ಲೊಮಸಿ ಎಂಬ ಕೌಶಲಕ್ಕೆ ಸಿದ್ಧ ಕೋಷ್ಟಕವಿತ್ತು. ಹಗೆ ಸಾಧಿಸುತ್ತಿರುವವನನ್ನು ಸ್ನೇಹಿತನನ್ನಾಗಿಸಲು ದಾಳ ಮತ್ತು ಕೌಶಲದ ಅಂಕಿ ಸೇರಿ 35 ಬರಬೇಕು, ನೆರವಿಗೆ ಧಾವಿಸುವವನನ್ನಾಗಿಸಲು 50. ಏನು ಹೇಳಿದಿರಿ, ಯಾರಿಗೆ ಹೇಳಿದಿರಿ, ಅವನಿಗೆ ನಿಮ್ಮ ಮೇಲೆ ಹಗೆ ಯಾಕೆ, ಇವು ಯಾವುವೂ ಕೋಷ್ಟಕದೊಳಗೆ ಬರುವುದಿಲ್ಲ. ಅಂಕಿಗಳನ್ನು ಅಲ್ಲಲ್ಲಿಂದ ಒಟ್ಟುಮಾಡಿ 50 ಮುಟ್ಟುವ ಪಾತ್ರ ಕಟ್ಟಿದ ಆಟಗಾರ, ಮಾತೇ ಆಡದೆ ಮಾತಿನಲ್ಲಿ ಗೆಲ್ಲುತ್ತಿದ್ದ. ನೀವು ಹೆದರುತ್ತಿರುವ ‘ಬರೀ ಲೆಕ್ಕ’ ಅಂದರೆ ಇದು. ಆ ಹೆದರಿಕೆಗೆ ಕಾರಣವಿದೆ, ಆದರೆ ಅಲ್ಲಿಗೆ ಹೋಗದೆಯೂ ನಿಮ್ಮ ಸಮಸ್ಯೆ ಬಗೆಹರಿಯುತ್ತದೆ.

ನಿಮ್ಮದೇ ಮೇಜಿಗೆ ಬರೋಣ. ರಾತ್ರಿ ಹೊತ್ತು, ಕೋಟೆ ಬಾಗಿಲು ಮುಚ್ಚಿದೆ, ಹೊರಗೆ ಒಬ್ಬ ಕಾವಲುಗಾರ. ಬಾರ್ಡ್ ಆಡುವವಳು ಮೆಲ್ಲಗೆ ‘ಅವನನ್ನು ಒಪ್ಪಿಸುತ್ತೇನೆ’ ಎನ್ನುತ್ತಾಳೆ. ಇಷ್ಟಕ್ಕೇ ದಾಳ ಹಾಕಿಸಿದರೆ ಅದು ಆ ಡಿಪ್ಲೊಮಸಿ ಕೋಷ್ಟಕದ ತಮ್ಮ. ‘ಸರಿ, ಏನು ಹೇಳುತ್ತೀಯೋ ಹಾಗೇ ಹೇಳು’ ಎಂದರೆ ಆಕೆಯನ್ನು ರಂಗಸ್ಥಳಕ್ಕೆ ತಳ್ಳಿದಂತೆ. ಎರಡರ ಬದಲು ಎರಡು ಪ್ರಶ್ನೆ ಕೇಳಿ: ಅವನಿಂದ ನಿನಗೆ ಏನಾಗಬೇಕು? ಅವನು ಯಾಕೆ ಒಪ್ಪಬೇಕು?

ಎರಡನೆಯ ಪ್ರಶ್ನೆಗೆ ಉತ್ತರ ಆಕೆಗೆ ಹೊಳೆಯಬೇಕಾದರೆ ಕಾವಲುಗಾರನ ಬಗ್ಗೆ ಏನಾದರೂ ಗೊತ್ತಿರಬೇಕು. ಅಲ್ಲಿ ಪಾತ್ರದ ಅಂಕಿ ಕೆಲಸಕ್ಕೆ ಬರಲಿ. ‘ಅವನು ಮತ್ತೆ ಮತ್ತೆ ಶಿಬಿರದ ದಾರಿಯನ್ನೇ ನೋಡುತ್ತಿದ್ದಾನೆ. ಊರೂರು ಸುತ್ತಿ ಜನರ ಮುಖ ಓದಿದ ನಿನಗೆ ಗೊತ್ತಾಗುತ್ತದೆ: ಇವನ ಪಾಳಿ ಮುಗಿದು ಬಹಳ ಹೊತ್ತಾಗಿದೆ, ಬದಲಿಯವನು ಬಂದಿಲ್ಲ’ ಎಂದು ನೀವು ಹೇಳುತ್ತೀರಿ. ಆಕೆ ಒಂದು ಕ್ಷಣ ಯೋಚಿಸುತ್ತಾಳೆ. ‘ನಮ್ಮನ್ನು ಒಳಗೆ ಬಿಟ್ಟರೆ... ಹೋಗುವ ದಾರಿಯಲ್ಲೇ ಆ ಬದಲಿಯವನನ್ನು ಎಬ್ಬಿಸಿ ಕಳಿಸುತ್ತೇವೆ ಅಂತ ಹೇಳುತ್ತೇನೆ.’ ಮಾತು ತಡವರಿಸಿರಬಹುದು, ಒಂದೇ ವಾಕ್ಯವಾಗಿರಬಹುದು. ಆದರೆ ಅದರಲ್ಲಿ ಕಾವಲುಗಾರನಿಗೆ ಬೇಕಾದದ್ದು ಇದೆ. 15 ಇಟ್ಟುಕೊಂಡಿದ್ದ ಡಿಸಿಯನ್ನು (ಇಪ್ಪತ್ತು ಮುಖದ ದಾಳ ಮತ್ತು ಪಾತ್ರದ ಅಂಕಿ ಸೇರಿ ಮುಟ್ಟಬೇಕಾದ ಮೊತ್ತ) 10ಕ್ಕೆ ಇಳಿಸಿ. ಆಕೆ ದಾಳ ಹಾಕುತ್ತಾಳೆ, 5 ಬೀಳುತ್ತದೆ. ಕರಿಸ್ಮಾ 18 ಇದ್ದುದಕ್ಕೆ ಸಿಗುವ 4, ಪರ್ಸ್ಯುಯೇಶನ್ (ಮನವೊಲಿಸುವ ಕೌಶಲ) ಕಲಿತದ್ದರ 2 ಸೇರಿ 11. ಬಾಗಿಲು ತೆರೆಯಿತು. ಈಗ ಆ ಸೊಗಸಾದ ಮಾತನ್ನು ನೀವೇ ಬಣ್ಣಿಸಿ: ಬಾರ್ಡ್ ಮಾತಿಗೆ ಕಾವಲುಗಾರ ಎಷ್ಟೋ ಹೊತ್ತಿನ ಮೇಲೆ ಮೊದಲ ಬಾರಿ ನಕ್ಕ, ‘ಆ ಸೋಮಾರಿಗೆ ನನ್ನ ಹೆಸರು ಹೇಳಿ ಒಂದು ಒದೆ ಕೊಡಿ’ ಎಂದು ಅಗುಳಿ ಸರಿಸಿದ. ವಾಗ್ಮಿತೆ ಪಾತ್ರದ್ದು, ಅದು ಆಟಗಾರ್ತಿಯ ಬಾಯಿಂದಲೇ ಬರಬೇಕೆಂದಿಲ್ಲ.

ಈಗ ಅದೇ ಬಾಗಿಲ ಮುಂದೆ ನಿಮ್ಮ ಮಾತುಗಾರ. ಅವನು ಎದ್ದು ನಿಂತು, ಧ್ವನಿ ಏರಿಳಿಸಿ, ತಾನು ಕಂಡ ಯುದ್ಧಗಳನ್ನೂ ಹೊತ್ತ ಗಾಯಗಳನ್ನೂ ವರ್ಣಿಸಿ, ಮೇಜಿನ ಸುತ್ತ ಇದ್ದವರೆಲ್ಲ ತಲೆದೂಗುವಂತೆ ಮಾತನಾಡುತ್ತಾನೆ. ಕೇಳಿ, ಆನಂದಿಸಿ. ಆಮೇಲೆ ಅಲಂಕಾರ ಕಳಚಿ ಒಳಗೇನಿದೆ ನೋಡಿ. ‘ನಾವು ಒಳ್ಳೆಯವರು, ನಂಬು, ಬಾಗಿಲು ತೆರೆ.’ ಕಾವಲುಗಾರನಿಗೆ ಅದರಲ್ಲಿ ಏನಿದೆ? ಏನೂ ಇಲ್ಲ. ಹಾಗಾಗಿ ಡಿಸಿ 15ರಲ್ಲೇ ಇರುತ್ತದೆ, ಕರಿಸ್ಮಾ 8 ಆದ್ದರಿಂದ ದಾಳಕ್ಕೆ ಸೇರುವುದು ಮೈನಸ್ 1. ಸೋತರೆ ‘ನೀನು ಕೆಟ್ಟದಾಗಿ ಮಾತನಾಡಿದೆ’ ಎನ್ನಬೇಡಿ, ಅದು ಸುಳ್ಳಾಗುತ್ತದೆ. ‘ಮಾತು ಕೇಳುತ್ತಿದ್ದ ಕಾವಲುಗಾರನ ಕಣ್ಣು ನಿನ್ನ ಕೊಡಲಿಯ ಮೇಲಿನ ಒಣಗಿದ ರಕ್ತದ ಮೇಲೆ ನಿಂತಿತು, ಅವನು ಒಂದು ಹೆಜ್ಜೆ ಹಿಂದೆ ಸರಿದ’ ಎನ್ನಿ. ಆಡಿದವನ ಮಾತಿಗೆ ಗೌರವ ಉಳಿಯಿತು, ಪಾತ್ರದ ಅಂಕಿಗೂ ಅರ್ಥ ಬಂತು.

ನಾನು ಬೆಲೆ ಕಟ್ಟಲು ಹೇಳುತ್ತಿರುವುದು ಮಾತಿನ ತಿರುಳಿಗೆ, ನಟನೆಗಲ್ಲ. ಎದುರಿನವನ ಆಸೆ, ಭಯ, ಋಣ, ಗುಟ್ಟು ಇವುಗಳಲ್ಲಿ ಒಂದನ್ನು ಹಿಡಿದು ಮಾತನಾಡಿದವರಿಗೆ ಡಿಸಿ ಇಳಿಸಿ ಅಥವಾ ಅಡ್ವಾಂಟೇಜ್ ಕೊಡಿ, ಅಂದರೆ ಎರಡು ದಾಳ ಹಾಕಿ ದೊಡ್ಡದನ್ನು ಎಣಿಸಲು ಬಿಡಿ. ಅವನ ಅಭಿಮಾನಕ್ಕೆ ಪೆಟ್ಟು ಕೊಟ್ಟವರಿಗೆ ಏರಿಸಿ. ಇದು ಆಟಗಾರನ ಜಾಣ್ಮೆಯೇ, ಆದರೆ ನಾಲಿಗೆ ಚುರುಕಿಲ್ಲದವರಿಗೂ ಎಟಕುವ ಜಾಣ್ಮೆ. ‘ನನ್ನ ಪಾತ್ರ ಅವನ ಮಗನ ವಿಷಯ ತೆಗೆದು ಮೆತ್ತಗಾಗಿಸುತ್ತದೆ’ ಎಂದು ಪ್ರಥಮ ಪುರುಷದಲ್ಲಿ ಹೇಳಿದರೂ ಅದು ಪೂರ್ಣ ಪ್ರಮಾಣದ ಆಟವೇ. ಪಾತ್ರದ ದನಿಯಲ್ಲಿ ಮಾತನಾಡಿದವರೇ ನಿಜವಾದ ಆಟಗಾರರು ಎಂಬ ಒಣಹೆಮ್ಮೆ ಕೆಲವು ಗುಂಪುಗಳಲ್ಲಿದೆ. ತೊದಲುವವರನ್ನೂ ನಾಚುವವರನ್ನೂ ಅದು ಎಷ್ಟೋ ಮೇಜುಗಳಿಂದ ಎಬ್ಬಿಸಿ ಕಳಿಸಿದೆ.

ಲೆಕ್ಕವನ್ನೂ ಒಮ್ಮೆ ನೋಡಿಬಿಡಿ, ನಿಮ್ಮ ಅಂಜಿಕೆ ಕಡಿಮೆಯಾಗುತ್ತದೆ. ಡಿಸಿ 15ಕ್ಕೆ ನಿಮ್ಮ ಬಾರ್ಡ್‌ಗೆ ದಾಳದಲ್ಲಿ 9 ಅಥವಾ ಹೆಚ್ಚು ಬೀಳಬೇಕು: ಶೇ. 60. ಬಾರ್ಬೇರಿಯನ್‌ಗೆ 16 ಅಥವಾ ಹೆಚ್ಚು: ಶೇ. 25. ಒಳ್ಳೆಯ ಉಪಾಯ ಹೂಡಿದ್ದಕ್ಕೆ ಬಾರ್ಬೇರಿಯನ್‌ಗೆ ಅಡ್ವಾಂಟೇಜ್ ಕೊಟ್ಟಿರಿ ಅನ್ನೋಣ. ಅವನ ಸಾಧ್ಯತೆ ಸುಮಾರು ಶೇ. 44ಕ್ಕೆ ಏರುತ್ತದೆ. ಉಪಾಯಕ್ಕೆ ಕಣ್ಣಿಗೆ ಕಾಣುವ ಫಲ ಸಿಕ್ಕಿತು. ಆದರೂ ಏನೂ ಉಪಾಯವಿಲ್ಲದೆ ಬರಿಗೈಯಲ್ಲಿ ಬಂದ ಬಾರ್ಡ್‌ನ ಶೇ. 60ನ್ನು ಅದು ದಾಟಲಿಲ್ಲ. ಅದೇ ಉಪಾಯ ಬಾರ್ಡ್‌ಗೆ ಹೊಳೆದರೆ ಶೇ. 84. ಆಟಗಾರನ ಬುದ್ಧಿ, ಪಾತ್ರದ ಅಂಕಿ ಎರಡೂ ತೂಗುತ್ತವೆ, ಒಂದು ಇನ್ನೊಂದನ್ನು ನುಂಗುವುದಿಲ್ಲ. ಈ ನಿಯಮಗಳಲ್ಲಿ ಈ ಸಮತೋಲ ಮೊದಲಿನಿಂದಲೂ ಇದೆ. ನೀವು ದಾಳ ಕೇಳದೆ ಬಿಟ್ಟಾಗ ಮಾತ್ರ ಅದು ತಪ್ಪುತ್ತದೆ, ಏಕೆಂದರೆ ಆಗ ಬಾರ್ಬೇರಿಯನ್‌ನ ಶೇ. 25 ಒಮ್ಮೆಲೇ ಶೇ. 100 ಆಗುತ್ತದೆ.

ಹಾಗೆಂದು ಪ್ರತಿ ಮಾತಿಗೂ ದಾಳ ಬೇಡ. ಫಲ ಖಚಿತವಾಗಿದ್ದರೆ ದಾಳಕ್ಕೆ ಅಲ್ಲಿ ಕೆಲಸವಿಲ್ಲ. ರಾಜಮುದ್ರೆಯಿರುವ ಪತ್ರ ತೋರಿಸಿದರೆ ಕರಿಸ್ಮಾ 8 ಇದ್ದವನಿಗೂ ಬಾಗಿಲು ತೆರೆಯಬೇಕು. ‘ನಿನ್ನ ಕಾವಲನ್ನೇ ಬಿಟ್ಟು ನಮ್ಮ ಜೊತೆ ಡಕಾಯಿತಿಗೆ ಬಾ’ ಎಂದರೆ 18 ಇದ್ದವಳಿಗೂ ಆಗದು ಎನ್ನಬೇಕು. ಪರ್ಸ್ಯುಯೇಶನ್ ಅಂದರೆ ವಶೀಕರಣವಲ್ಲ. ನಡುವೆ ಉಳಿಯುವ, ಹೀಗೂ ಆಗಬಹುದು ಹಾಗೂ ಆಗಬಹುದು ಎನ್ನುವಂಥ, ಸೋತರೆ ಏನಾದರೂ ಕಳೆದುಕೊಳ್ಳುವಂಥ ಸಂದರ್ಭಗಳಿಗೆ ದಾಳ.

ದಾಳ ಯಾವಾಗ ಹಾಕಿಸಬೇಕು ಎಂಬುದೂ ಮುಖ್ಯ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ನೀವು ಭಾಷಣ ಮುಗಿದ ಮೇಲೆ ದಾಳ ಕೇಳಲು ಹಿಂಜರಿಯುತ್ತೀರಿ. ಸಹಜ. ಅದ್ಭುತವಾಗಿ ಮಾತನಾಡಿದವನಿಗೆ 2 ಬಿದ್ದರೆ ಎಲ್ಲರಿಗೂ ಮುಜುಗರ. ಅದಕ್ಕೆ ಮದ್ದು, ದಾಳವನ್ನು ಮಧ್ಯಕ್ಕೆ ತರುವುದು. ಮೊದಲು ಗುರಿ ಮತ್ತು ದಾರಿ, ಆಮೇಲೆ ದಾಳ, ಕೊನೆಗೆ ಮಾತು. ಫಲ ಗೊತ್ತಾದ ಮೇಲೆ ಆಡುವ ಮಾತಿಗೆ ಬೇರೆಯೇ ರುಚಿಯಿರುತ್ತದೆ. ಗರ ಕೆಟ್ಟದಾಗಿ ಬಿತ್ತೆಂದು ಗೊತ್ತಿರುವ ಮಾತುಗಾರ, ತನ್ನ ಬಾರ್ಬೇರಿಯನ್ ಸೇನಾಪತಿಯ ಹೆಂಡತಿಯನ್ನು ಅವನ ತಾಯಿಯೆಂದು ತಿಳಿದು ನಮಸ್ಕರಿಸುವ ದೃಶ್ಯವನ್ನು ಆಡಿ ತೋರಿಸಬಹುದು. ನನ್ನ ಅನುಭವದಲ್ಲಿ ಮಾತುಗಾರರು ಗೆಲ್ಲುವುದಕ್ಕಿಂತ ಇಂಥ ಸೋಲನ್ನು ಹೆಚ್ಚು ಖುಷಿಯಿಂದ ಆಡುತ್ತಾರೆ. ಅವರಿಗೆ ಬೇಕಿರುವುದು ರಂಗಸ್ಥಳ, ಕೋಟೆಯ ಬಾಗಿಲಲ್ಲ.

2010ರಲ್ಲಿ ಬಂದ ಅಪೊಕ್ಯಾಲಿಪ್ಸ್ ವರ್ಲ್ಡ್ ಎಂಬ ಆಟ ಇದನ್ನು ನಿಯಮದೊಳಗೇ ಬಿಗಿದಿದೆ. ಅಲ್ಲಿ ಪಾತ್ರ ಏನು ಮಾಡುತ್ತಿದೆ ಎಂಬುದನ್ನು ಕಥೆಯೊಳಗೆ ಹೇಳದೆ ದಾಳ ಮುಟ್ಟುವಂತಿಲ್ಲ. ಮಾಡಿದೆ ಎಂದ ಮೇಲೆ ದಾಳ ತಪ್ಪಿಸುವಂತೆಯೂ ಇಲ್ಲ. ಎರಡು ಆರು ಮುಖದ ದಾಳಗಳು: 10 ಅಥವಾ ಮೇಲೆ ಬಂದರೆ ಪೂರ್ಣ ಗೆಲುವು, 7ರಿಂದ 9 ಬಂದರೆ ಬೆಲೆ ತೆತ್ತ ಗೆಲುವು. ಈ ನಡುವಿನ ಮನೆಯನ್ನು ನೀವು ನಿಮ್ಮ ಆಟಕ್ಕೂ ಕದ್ದು ತರಬಹುದು. ಒಂದೆರಡು ಅಂಕಿಯಿಂದ ಸೋತಾಗ ‘ಒಳಗೆ ಬಿಡುತ್ತೇನೆ, ಆಯುಧ ಇಲ್ಲೇ ಇಟ್ಟು ಹೋಗಿ’ ಎಂದು ಕಾವಲುಗಾರ ಹೇಳಲಿ.

ಇನ್ನು ಒಗಟು. ಇಲ್ಲಿ ನನ್ನ ನಿಲುವು ಮಾತಿನ ವಿಷಯದಷ್ಟು ನಯವಾಗಿಲ್ಲ: ಒಗಟು ಅಂದರೆ ಆಟಗಾರರಿಗಿಟ್ಟ ಪರೀಕ್ಷೆ, ಅದನ್ನು ಹಾಗೆಂದೇ ಒಪ್ಪಿಕೊಂಡು ಇಡಿ, ಇಲ್ಲದಿದ್ದರೆ ಇಡಬೇಡಿ. ಇಂಟೆಲಿಜೆನ್ಸ್ ದಾಳ ಹಾಕಿ ಬಿಡಿಸುವ ಒಗಟು ಒಗಟೇ ಅಲ್ಲ, ಅದು ಅಕ್ಷರಗಳಿರುವ ಬೀಗ. ಆದರೆ ಬಾರ್ಬೇರಿಯನ್‌ನ 6 ಇಲ್ಲಿ ಏನಾಗಬೇಕು? ಆಟಗಾರನಿಗೆ ‘ನಿನಗೆ ಹೊಳೆದರೂ ಹೇಳಬೇಡ’ ಎಂದು ಬಾಯಿ ಕಟ್ಟುವುದು ಅತಿ ಕೆಟ್ಟ ದಾರಿ. ಗೊತ್ತಿದ್ದೂ ಗೊತ್ತಿಲ್ಲದವನಂತೆ ಕೂರುವುದು ಆಟವಲ್ಲ, ಶಿಕ್ಷೆ. ಬದಲಿಗೆ ಉತ್ತರ ಯಾರಿಗೆ ಹೊಳೆಯಿತು, ಕಥೆಯಲ್ಲಿ ಅದನ್ನು ಯಾರು ಹೇಳಿದರು ಎಂಬ ಎರಡನ್ನು ಬೇರ್ಪಡಿಸಿ. ನಿಮ್ಮ ಗುಂಪಿನಲ್ಲಿ ಮಾಂತ್ರಿಕನ ಪಾತ್ರವಿದ್ದರೆ, ಮೇಜಿನ ಸುತ್ತ ಇರುವ ತಲೆಗಳೆಲ್ಲ ಸೇರಿ ಆ ಮಾಂತ್ರಿಕನ ಒಂದು ತಲೆ ಎಂದುಕೊಳ್ಳಿ. ಇಂಟೆಲಿಜೆನ್ಸ್ 18ರ ಮಾಂತ್ರಿಕನನ್ನು ಆಡುವವರು ನಮ್ಮ ನಿಮ್ಮಂಥವರೇ, ಅವರಿಗೆ ಉಳಿದವರ ನೆರವು ಬೇಡವೇ? ಮಾತುಗಾರನಿಗೆ ಹೊಳೆದದ್ದನ್ನು ಮಾಂತ್ರಿಕನ ಬಾಯಿಂದ ಹೇಳಿಸಿ. ಅಥವಾ ಬಾರ್ಬೇರಿಯನ್ ಬೇಸತ್ತು ಸರಿಯಾದ ಕಲ್ಲಿನ ಮೇಲೆಯೇ ಗುದ್ದಿದ ಎನ್ನಿ. ಅಂಕಿ ಹೆಚ್ಚಿರುವ ಪಾತ್ರಕ್ಕೆ ಸಿಗಬೇಕಾದದ್ದು ಸುಳಿವು: ಈ ಲಿಪಿ ಯಾವ ಕಾಲದ್ದು, ಈ ನಾಲ್ಕು ಚಿಹ್ನೆಗಳಲ್ಲಿ ಯಾವುದು ಮಿಕ್ಕವುಗಳ ಜೊತೆ ಸೇರುವುದಿಲ್ಲ. ಸುಳಿವು ಪಾತ್ರದ್ದು, ಬಿಡಿಸುವ ಸುಖ ಆಟಗಾರರದ್ದು.

ಇದರ ಪಕ್ಕದಲ್ಲೇ ಇನ್ನೊಂದು ಕಿರಿಕಿರಿ ಇದೆ, ನಿಮ್ಮಲ್ಲೂ ಇಷ್ಟರಲ್ಲೇ ತಲೆ ಎತ್ತೀತು. ಟ್ರೋಲ್ ಎಂಬ ರಾಕ್ಷಸ ಪ್ರಾಣಿ ಬಂದಿದೆ ಅನ್ನೋಣ. ಅದರ ಗಾಯ ಮಾಯುವುದನ್ನು ಬೆಂಕಿಯೋ ಆಮ್ಲವೋ ತಡೆಯುತ್ತದೆ ಎಂಬುದು ಆಟದ ಪುಸ್ತಕ ಓದಿದವರಿಗೆಲ್ಲ ಗೊತ್ತು. ಪಾತ್ರಕ್ಕೆ ಗೊತ್ತೇ? ಕೆಲವರು ‘ನನ್ನ ಪಾತ್ರಕ್ಕೆ ಗೊತ್ತಿಲ್ಲ’ ಎಂದು ಎರಡು ಮೂರು ಸುತ್ತು ಬೇಕೆಂದೇ ಕತ್ತಿ ಬೀಸಿ, ಆಮೇಲೆ ‘ಅಕಸ್ಮಾತ್’ ಪಂಜು ಎತ್ತುತ್ತಾರೆ. ಅದನ್ನು ಪ್ರಾಮಾಣಿಕತೆ ಎಂದು ಹೊಗಳುವವರಿದ್ದಾರೆ, ನನಗೆ ಅದು ವ್ರತದಂತೆ ಕಾಣುತ್ತದೆ. ಟ್ರೋಲ್‌ಗಳಿರುವ ಲೋಕದಲ್ಲಿ ಹುಟ್ಟಿದವರಿಗೆ ಟ್ರೋಲ್ ಬೆಂಕಿಗೆ ಹೆದರುತ್ತದೆ ಎಂಬ ಅಜ್ಜಿಕಥೆ ಗೊತ್ತಿಲ್ಲದಿರುತ್ತದೆಯೇ? ಗೊತ್ತಿರುವುದನ್ನು ಬಳಸಲು ಬಿಡಿ. ಅಚ್ಚರಿಯೇ ಬೇಕೆಂದರೆ ನಿಮ್ಮ ಟ್ರೋಲ್ ಹೆದರುವುದು ಬೇರೆ ಯಾವುದಕ್ಕೋ ಆಗಲಿ, ಅದರ ಸುಳಿವನ್ನು ಪಾತ್ರಗಳ ಜ್ಞಾನದ ಅಂಕಿಗಳ ಮೂಲಕ ಕೊಡಿ.

ಟ್ರ್ಯಾಪ್ ಮತ್ತು ಹುಡುಕಾಟಕ್ಕೂ ಇದೇ ಸೂತ್ರ. ಐದನೇ ಆವೃತ್ತಿಯ ಪ್ಯಾಸಿವ್ ಪರ್ಸೆಪ್ಷನ್ (ದಾಳ ಹಾಕದೆ, 10ಕ್ಕೆ ಪರ್ಸೆಪ್ಷನ್ ಎಂಬ ಗಮನಿಸುವ ಕೌಶಲದ ಅಂಕಿ ಕೂಡಿಸಿದ್ದು) ನನಗೆ ಬಹಳ ಇಷ್ಟವಾದ ಉಪಕರಣ, ಆದರೆ ಅದರಿಂದ ಟ್ರ್ಯಾಪ್ ತೋರಿಸಿಬಿಡಬೇಡಿ, ಗುರುತು ತೋರಿಸಿ. ‘ನೆಲದ ಈ ಕಲ್ಲಿನ ಸುತ್ತ ಧೂಳಿಲ್ಲ. ಎದುರು ಗೋಡೆಯಲ್ಲಿ ಬೆರಳಗಲದ ತೂತುಗಳು.’ ಮುಂದಿನದು ಆಟಗಾರರದು. ಕಲ್ಲನ್ನು ದಾಟಿ ಜಿಗಿಯುತ್ತಾರೋ, ತೂತಿಗೆ ಬಟ್ಟೆ ತುರುಕುತ್ತಾರೋ, ಗುರಾಣಿ ಅಡ್ಡ ಹಿಡಿಯುತ್ತಾರೋ. ಅವರು ಹೇಳಿದ ಉಪಾಯ ನಿಸ್ಸಂಶಯವಾಗಿ ನಡೆಯುವಂಥದ್ದಾದರೆ ದಾಳವಿಲ್ಲದೆ ದಾಟಲಿ. ‘ಟ್ರ್ಯಾಪ್ ಹುಡುಕುತ್ತೇನೆ’ ಎಂದಷ್ಟೇ ಹೇಳಿದವರೂ ದಾಟಬಹುದು, ದಾಳ ಹಾಕಿ. ಎರಡು ಬಾಗಿಲೂ ತೆರೆದಿರಲಿ. ಯೋಚಿಸಲು ಇಷ್ಟಪಡುವವರು ಒಂದರಿಂದ, ಪಾತ್ರದ ಅಂಕಿಯನ್ನು ನಂಬುವವರು ಇನ್ನೊಂದರಿಂದ ಬರುತ್ತಾರೆ.

ತನಿಖೆಯ ಆಟಗಳು ಈ ಪಾಠವನ್ನು ಕಷ್ಟಪಟ್ಟು ಕಲಿತವು. 1981ರ ಕಾಲ್ ಆಫ್ ಕ್ತುಲುವಿನಲ್ಲಿ ಅಡಗಿದ್ದನ್ನು ಕಾಣಲು ಸ್ಪಾಟ್ ಹಿಡನ್ ಎಂಬ ಶೇಕಡಾ ಅಂಕಿಯಿದೆ. ಏನೂ ಕಲಿಯದವನಿಗೆ ಅದು ಶೇ. 25. ಮೇಜಿನ ಡ್ರಾಯರ್‌ನಲ್ಲಿರುವ ಪತ್ರ ಯಾರಿಗೂ ಕಾಣಲಿಲ್ಲವೆಂದರೆ ಕಥೆ ಅಲ್ಲೇ ನಿಂತುಹೋಗುವ ಅಪಾಯವಿತ್ತು. ರಾಬಿನ್ ಲಾಸ್ ರೂಪಿಸಿದ ಗಮ್‌ಶೂ ಪದ್ಧತಿ, ಮತ್ತು ಅದನ್ನು ಬಳಸಿದ 2008ರ ಟ್ರೈಲ್ ಆಫ್ ಕ್ತುಲು, ಇದಕ್ಕೆ ನೇರವಾದ ಪರಿಹಾರ ಕೊಟ್ಟವು: ತಕ್ಕ ಪರಿಣತಿಯಿರುವ ಪಾತ್ರ ತಕ್ಕ ಜಾಗದಲ್ಲಿ ಹುಡುಕಿದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತದೆ, ದಾಳವಿಲ್ಲ. ಆ ಸುಳಿವುಗಳನ್ನು ಪೋಣಿಸಿ ಕೊಲೆಗಾರ ಯಾರೆಂದು ಹೇಳಬೇಕಾದವರು ಮಾತ್ರ ಆಟಗಾರರು. ಇದಕ್ಕಿಂತ ಚೊಕ್ಕವಾದ ಹಂಚಿಕೆ ನಾನು ಬೇರೆಲ್ಲೂ ನೋಡಿಲ್ಲ.

ಎಲ್ಲ ಆಟಗಳೂ ಹೀಗೇ ಹಂಚಬೇಕೆಂದಿಲ್ಲ. ಡ್ರೆಡ್ ಎಂಬ ಭಯಾನಕ ಕಥೆಗಳ ಆಟದಲ್ಲಿ ದಾಳವೇ ಇಲ್ಲ, ಮಧ್ಯದಲ್ಲಿ ಜೆಂಗಾ ಗೋಪುರ. ಕಷ್ಟದ ಕೆಲಸ ಮಾಡಬೇಕಾದಾಗಲೆಲ್ಲ ಒಂದು ಮರದ ತುಂಡನ್ನು ಎಳೆಯಬೇಕು, ಗೋಪುರ ಬಿದ್ದರೆ ನಿಮ್ಮ ಪಾತ್ರ ಆಟದಿಂದ ಹೊರಗೆ. ಪಾತ್ರ ಎಂಥ ಧೀರನೇ ಆಗಿರಲಿ, ನಡುಗುವುದು ನಿಮ್ಮ ಬೆರಳು. ಇದನ್ನು ಅನ್ಯಾಯವೆಂದು ಯಾರೂ ದೂರುವುದಿಲ್ಲ, ಏಕೆಂದರೆ ಕೂರುವ ಮೊದಲೇ ಎಲ್ಲರಿಗೂ ಗೊತ್ತು, ಮತ್ತು ಬೆರಳ ಚಳಕದ ಹೆಸರಿನಲ್ಲಿ ಯಾರಿಂದಲೂ ಅಂಕಿ ವಸೂಲಿ ಮಾಡಿರುವುದಿಲ್ಲ. ಹಳೆಯ ಶೈಲಿಗೆ ಮರಳಿದ ಆಟಗಳೂ ಅಷ್ಟೇ. ಅವುಗಳ ಆಶಯವನ್ನು ಹೇಳಲು ಮ್ಯಾಟ್ ಫಿಂಚ್ 2008ರಲ್ಲಿ ಬರೆದ ಕಿರುಹೊತ್ತಗೆ, ಪಾತ್ರದ ಸಾಮರ್ಥ್ಯಕ್ಕಿಂತ ಆಟಗಾರನ ಜಾಣ್ಮೆ ಮೇಲು ಎಂದು ನೇರವಾಗಿಯೇ ಸಾರಿತು. ನಿಮ್ಮ ಗುಂಪಿಗೆಲ್ಲ ಅದೇ ಇಷ್ಟವಾದರೆ ಆ ಜಾತಿಯ ಆಟವೊಂದನ್ನು ಆಡಿ. ಅಲ್ಲಿ ಮಾತುಗಾರ ಮಾತಿನಲ್ಲೇ ಗೆದ್ದರೂ ಯಾರ ಕಿಸೆಗೂ ಕತ್ತರಿ ಬೀಳುವುದಿಲ್ಲ. ಐದನೇ ಆವೃತ್ತಿಯಲ್ಲಿ ಪರ್ಸ್ಯುಯೇಶನ್‌ಗೆ ಬೆಲೆ ಪಡೆದು, ಆಟ ಶುರುವಾದ ಮೇಲೆ ಹಳೆಯ ಶೈಲಿಯಲ್ಲಿ ಆಡಿಸುವುದು ಮಾತ್ರ ಸಲ್ಲ.

ಕಡೆಗೆ ನಿಮ್ಮ ಗೆಳೆಯನ ವಿಷಯ. ಅವನಿಗೆ ಕಡಿಮೆ ಮಾತನಾಡು ಎನ್ನಬೇಡಿ, ಮೇಜಿಗೆ ಜೀವ ತುಂಬುವವನು ಅವನು. ಮುಂದಿನ ಆಟಕ್ಕೆ ಮೊದಲು ಎಲ್ಲರ ಎದುರಿಗೆ, ಯಾರ ಹೆಸರನ್ನೂ ಎತ್ತದೆ, ಇನ್ನು ಮುಂದೆ ಗುರಿ, ದಾರಿ, ದಾಳ, ಆಮೇಲೆ ಮಾತು ಎಂಬ ಕ್ರಮ ಎಂದು ತಿಳಿಸಿ. ಅವನ ನಟನೆಗೆ ಬಹುಮಾನ ಕೊಡಲು ಇನ್‌ಸ್ಪಿರೇಶನ್ ಇದೆ, ಆಮೇಲೆ ಬೇಕಾದಾಗ ಒಮ್ಮೆ ಖರ್ಚು ಮಾಡಿ ಅಡ್ವಾಂಟೇಜ್ ಪಡೆಯಬಹುದಾದದ್ದು. 2014ರ ನಿಯಮಗಳು ಅದನ್ನು ಇಟ್ಟಿರುವುದೇ ಪಾತ್ರದ ಗುಣ, ಆದರ್ಶ, ನಂಟು, ದೌರ್ಬಲ್ಯಗಳನ್ನು ಆಡಿ ತೋರಿಸಿದವರಿಗೆ. ಒರಟು ಬಾರ್ಬೇರಿಯನ್‌ನ ಒರಟುತನವನ್ನು ಚೆನ್ನಾಗಿ ಆಡಿದ ದಿನ ಧಾರಾಳವಾಗಿ ಕೊಡಿ. ಅವನಿಗೆ ಒಳ್ಳೆಯ ಉಪಾಯ ಹೊಳೆದು, ಅದನ್ನು ಬಾರ್ಡ್ ಕಿವಿಯಲ್ಲಿ ಉಸುರಿದರೆ, ನಿಯಮದ ಪ್ರಕಾರ ಅದು ನೆರವು. ಆಕೆ ಅಡ್ವಾಂಟೇಜ್‌ನೊಂದಿಗೆ ದಾಳ ಹಾಕುತ್ತಾಳೆ, ಇಬ್ಬರೂ ಗೆಲ್ಲುತ್ತಾರೆ. ಇಷ್ಟಾದ ಮೇಲೂ ತನ್ನ ಬಾಯಿಂದಲೇ ಜನರನ್ನು ಒಲಿಸಬೇಕೆಂಬ ಆಸೆ ಅವನಿಗಿದ್ದರೆ ನಿಯಮದಲ್ಲೇ ದಾರಿಯಿದೆ. ನಾಲ್ಕನೇ ಮಟ್ಟಕ್ಕೆ ಬಂದಾಗ ಸಿಗುವ ಎರಡು ಅಂಕಗಳನ್ನು ಕರಿಸ್ಮಾಕ್ಕೆ ಹಾಕಿದರೆ 8 ಹೋಗಿ 10 ಆಗುತ್ತದೆ, ಮೈನಸ್ 1 ಸೊನ್ನೆಯಾಗುತ್ತದೆ. ನೀವು ಫೀಟ್‌ಗಳಿಗೆ (ಅಂಕಗಳ ಬದಲು ಆರಿಸಬಹುದಾದ ವಿಶೇಷ ಸಾಮರ್ಥ್ಯಗಳು) ಅವಕಾಶ ಕೊಟ್ಟಿದ್ದರೆ, ಅದರ ಬದಲು ಸ್ಕಿಲ್ಡ್ ಎಂಬ ಫೀಟ್ ತೆಗೆದುಕೊಂಡು ಮೂರು ಕೌಶಲ ಕಲಿಯಬಹುದು, ಅದರಲ್ಲಿ ಪರ್ಸ್ಯುಯೇಶನ್ ಒಂದಾಗಬಹುದು. ಎರಡರಲ್ಲಿ ಯಾವುದನ್ನು ಆರಿಸಿದರೂ ಸ್ಟ್ರೆಂತ್ ಏರಿಸುವ ಆಸೆಯನ್ನು ಎಂಟನೇ ಮಟ್ಟದವರೆಗೆ ತಡೆದಿಟ್ಟುಕೊಳ್ಳಬೇಕಾಗುತ್ತದೆ.